ಹೋಮ್‌ಸ್ಕೂಲ್ ಕೋ-ಆಪ್‌ಗೆ ಜಾಗ ಹಿಡಿಯುವ ಮುನ್ನ: ಅಮೆರಿಕದ ರಾಜ್ಯ ಕಾನೂನು, ಬೆಂಕಿ ಸುರಕ್ಷತೆ ಮತ್ತು ಕಟ್ಟಡದ ನಿಯಮಗಳು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಹತ್ತು ಹನ್ನೆರಡು ಕುಟುಂಬಗಳು ಸೇರಿ ವಾರಕ್ಕೊಂದು ದಿನ ಮಕ್ಕಳಿಗೆ ಒಟ್ಟಾಗಿ ಪಾಠ ಮಾಡುತ್ತವೆ. ಇದೇ ಹೋಮ್‌ಸ್ಕೂಲ್ ಕೋ-ಆಪ್. ವಿಜ್ಞಾನ ಒಬ್ಬರದು, ಚಿತ್ರಕಲೆ ಇನ್ನೊಬ್ಬರದು. ಮನೆ ಸಾಲದಾದಾಗ ಚರ್ಚಿನ ಹಾಲ್ ಬಾಡಿಗೆಗೆ ಹಿಡಿಯುತ್ತಾರೆ. ಆರು ತಿಂಗಳು ಎಲ್ಲ ಸುಸೂತ್ರ. ಆಮೇಲೊಂದು ದಿನ, ಬೆಂಕಿ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯಾದ ಫೈರ್ ಮಾರ್ಷಲ್ ಕಚೇರಿಯಿಂದ ಒಬ್ಬರು ಬಂದು ಕೇಳುತ್ತಾರೆ: ‘ಇಲ್ಲಿ ಶಾಲೆ ನಡೆಯುತ್ತಿದೆಯೇ?’

‘ಇಲ್ಲ, ನಾವು ಹೋಮ್‌ಸ್ಕೂಲ್‌ನವರು, ರಾಜ್ಯದ ಕಾನೂನಿನಲ್ಲಿ ನಮಗೆ ವಿನಾಯಿತಿ ಇದೆ’ ಎಂಬ ಉತ್ತರ ಶಿಕ್ಷಣ ಇಲಾಖೆಯ ಮುಂದೆ ನಡೆಯಬಹುದು. ಕಟ್ಟಡದ ನಿಯಮದ ಮುಂದೆ ಬಹುಮಟ್ಟಿಗೆ ನಡೆಯದು. ಅಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ತಲೆ, ಎಷ್ಟು ವಯಸ್ಸು, ಎಷ್ಟು ಹೊತ್ತು, ಎಂಥ ಕೋಣೆ ಎಂಬುದಷ್ಟೇ. ಈ ಲೆಕ್ಕವನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆಯೇ ಮಾಡಿಕೊಳ್ಳಬೇಕು.

1. ಎರಡು ಪುಸ್ತಕಗಳನ್ನು ಬೇರೆ ಬೇರೆ ಇಡಿ

ಒಂದು, ರಾಜ್ಯದ ಶಾಸನಸಭೆ ಮಾಡಿದ ಕಾನೂನು. ಹೋಮ್‌ಸ್ಕೂಲ್ ಎಂದರೇನು, ಲರ್ನಿಂಗ್ ಪಾಡ್ (ಪೋಷಕರು ಕೂಡಿಸಿದ ಸಣ್ಣ ಕಲಿಕಾ ಗುಂಪು) ಎಂದರೇನು, ಯಾವ ಇಲಾಖೆಗೆ ಯಾವ ಅಧಿಕಾರ ಎಂಬುದು ಅದರಲ್ಲಿರುತ್ತದೆ. ಇನ್ನೊಂದು, ರಾಜ್ಯ ಅಥವಾ ನಗರ ಅಂಗೀಕರಿಸಿದ ಕೋಡ್, ಅಂದರೆ ಕಟ್ಟಡ ಮತ್ತು ಬೆಂಕಿ ಸುರಕ್ಷತೆಯ ನಿಯಮಸಂಹಿತೆ. ಅಮೆರಿಕದ ಬಹುತೇಕ ಕಡೆ ಅದು ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ (ಐಬಿಸಿ) ಮತ್ತು ಅದರ ಜೊತೆಯ ಫೈರ್ ಕೋಡ್. ಹಲವು ರಾಜ್ಯಗಳಲ್ಲಿ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ (ಎನ್‌ಎಫ್‌ಪಿಎ) ಹೊರತರುವ ಎನ್‌ಎಫ್‌ಪಿಎ 101 ಎಂಬ ಲೈಫ್ ಸೇಫ್ಟಿ ಕೋಡ್ ಕೂಡ ಜಾರಿಯಲ್ಲಿದೆ. ಫ್ಲೋರಿಡಾದ ಬೆಂಕಿ ಸುರಕ್ಷತಾ ಸಂಹಿತೆ ನಿಂತಿರುವುದು ಎನ್‌ಎಫ್‌ಪಿಎ 1 ಮತ್ತು 101ರ ಮೇಲೆ.

ಕೋಡ್‌ಗಳು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತವೆ, ಆದರೆ ರಾಜ್ಯಗಳು ಅವನ್ನು ತಮಗೆ ಬೇಕಾದಾಗ, ತಮ್ಮದೇ ತಿದ್ದುಪಡಿಗಳೊಂದಿಗೆ ಒಪ್ಪಿಕೊಳ್ಳುತ್ತವೆ. ಹಾಗಾಗಿ ಮೊದಲ ಫೋನು ನಗರದ ಬಿಲ್ಡಿಂಗ್ ವಿಭಾಗಕ್ಕೆ: ‘ಈ ವಿಳಾಸಕ್ಕೆ ಯಾವ ಕೋಡ್, ಯಾವ ವರ್ಷದ ಆವೃತ್ತಿ ಅನ್ವಯ? ಸ್ಥಳೀಯ ತಿದ್ದುಪಡಿ ಎಲ್ಲಿದೆ?’ ಐಬಿಸಿ ಹೊರತರುವ ಸಂಸ್ಥೆ ಮತ್ತು ಎನ್‌ಎಫ್‌ಪಿಎ, ಈ ಎರಡೂ ಸಂಸ್ಥೆಗಳ ಕೋಡ್‌ಗಳನ್ನು ಅವುಗಳ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಕೆಳಗೆ ಕೊಟ್ಟಿರುವ ಅಂಕಿಗಳು ಮೂಲ ಕೋಡ್‌ನವು; ನಿಮ್ಮ ಊರಿನ ತಿದ್ದುಪಡಿಯೊಂದಿಗೆ ಹೋಲಿಸಿಯೇ ಬಳಸಿ.

2. ನಿಮ್ಮ ರಾಜ್ಯದ ಕಾನೂನು ಯಾವುದನ್ನು ಬಿಟ್ಟಿದೆ, ಯಾವುದನ್ನು ಬಿಟ್ಟಿಲ್ಲ

ಕೋವಿಡ್ ಕಾಲದಲ್ಲಿ ಮನೆಮನೆಗಳಲ್ಲಿ ಹುಟ್ಟಿದ ಕಲಿಕಾ ಗುಂಪುಗಳ ಮೇಲೆ ಸ್ಥಳೀಯ ಆಡಳಿತಗಳು ಡೇಕೇರ್ ನಿಯಮ ಹೇರುವ ಅಪಾಯ ಬಂದಾಗ ಹಲವು ರಾಜ್ಯಗಳು ಕಾನೂನು ಮಾಡಿದವು. 2021ರಲ್ಲಿ ಜಾರ್ಜಿಯಾ ಲರ್ನಿಂಗ್ ಪಾಡ್ ಪ್ರೊಟೆಕ್ಷನ್ ಆ್ಯಕ್ಟ್ (ಸೆನೆಟ್ ಮಸೂದೆ 246) ತಂದಿತು. ಅದೇ ವರ್ಷ ಟೆಕ್ಸಸ್ ಸೆನೆಟ್ ಮಸೂದೆ 1955ನ್ನು ಅಂಗೀಕರಿಸಿತು. ಟೆಕ್ಸಸ್ ಕಾನೂನಿನ ತಿರುಳು ಇಷ್ಟು: ಪೋಷಕರು ಸ್ವಇಚ್ಛೆಯಿಂದ ಕೂಡಿಸಿದ ಮಕ್ಕಳ ಗುಂಪಿಗೆ, ಶಾಲಾ ಜಿಲ್ಲೆಯ ಕ್ಯಾಂಪಸ್‌ಗೋ ಶಿಶುಪಾಲನಾ ಕೇಂದ್ರಕ್ಕೋ ಇರುವ ಸ್ಥಳೀಯ ನಿಯಮಗಳು ಅನ್ವಯಿಸುವುದಿಲ್ಲ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಶಿಕ್ಷಕರ ಅರ್ಹತಾಪತ್ರ ಇಂಥವೆಲ್ಲ ಹೋದವು. ವಾಕ್ಯವನ್ನು ಇನ್ನೊಮ್ಮೆ ಓದಿ. ಬಿಟ್ಟುಕೊಟ್ಟಿರುವುದು ಶಾಲೆ ಮತ್ತು ಡೇಕೇರ್‌ಗೆಂದೇ ಇರುವ ನಿಯಮಗಳನ್ನು. ಬೀಗ ಹಾಕಿದ ತುರ್ತು ಬಾಗಿಲು ಯಾವ ಕಟ್ಟಡದಲ್ಲಿದ್ದರೂ ತಪ್ಪೇ. ಅದಕ್ಕೆ ಈ ವಾಕ್ಯದಲ್ಲಿ ರಕ್ಷಣೆ ಹುಡುಕುವುದು ವ್ಯರ್ಥ.

ಯೂಟಾ 2024ರ ಸೆನೆಟ್ ಮಸೂದೆ 13ರಲ್ಲಿ ಇನ್ನೂ ಸ್ಪಷ್ಟವಾದ ಗೆರೆ ಎಳೆಯಿತು. ಮನೆಯಲ್ಲಿ ನಡೆಯುವ ಮೈಕ್ರೋಸ್ಕೂಲ್ ಎಂದರೆ 16 ವಿದ್ಯಾರ್ಥಿಗಳವರೆಗೆ. ಮನೆಯಲ್ಲದ ಜಾಗದ ಮೈಕ್ರೋ-ಎಜುಕೇಷನ್ ಸಂಸ್ಥೆ ಎಂದರೆ 100ರವರೆಗೆ. ವಲಯ ನಿಯಮದ (ಯಾವ ಪ್ರದೇಶದಲ್ಲಿ ಯಾವ ಬಳಕೆಗೆ ಅವಕಾಶ ಎಂಬ ನಿಯಮ) ಕಾರಣ ಕೊಟ್ಟು ಊರಿನ ಆಡಳಿತ ಇವನ್ನು ತಡೆಯುವಂತಿಲ್ಲ. ಸಂಖ್ಯೆಯನ್ನು ಕಾನೂನಿನಲ್ಲೇ ಬರೆದಿಟ್ಟರೆ ಅಧಿಕಾರಿಗೂ ಪೋಷಕರಿಗೂ ವಾದಿಸುವ ಕೆಲಸ ಕಡಿಮೆ. ಈ ಬಗೆಯ ಕಾನೂನುಗಳಲ್ಲಿ ಯೂಟಾದ್ದೇ ಮೇಲೆನ್ನಬಹುದು.

ಫ್ಲೋರಿಡಾದ 2024ರ ಹೌಸ್ ಮಸೂದೆ 1285 ಖಾಸಗಿ ಶಾಲೆಗಳ ಕುರಿತದ್ದು. ಗ್ರಂಥಾಲಯ, ಮ್ಯೂಸಿಯಂ, ರಂಗಮಂದಿರ, ಚರ್ಚ್ ಮುಂತಾದ ಜಾಗಗಳನ್ನು ಅವುಗಳ ಈಗಿನ ವಲಯ ಅನುಮತಿಯಲ್ಲೇ, ಮರುವಲಯ ಮಾಡಿಸದೆ ಬಳಸಬಹುದು ಎಂದಿತು. ಆದರೆ ಬೆಂಕಿ ಮತ್ತು ಕಟ್ಟಡ ಸುರಕ್ಷತೆಯ ನಿಯಮಗಳನ್ನು ಪಾಲಿಸಲೇಬೇಕು ಎಂದು ಅದರಲ್ಲೇ ಹೇಳಿದೆ. ಕೋ-ಆಪ್ ಖಾಸಗಿ ಶಾಲೆಯಾಗಿ ನೋಂದಾಯಿಸಿಕೊಳ್ಳದಿದ್ದರೆ ಈ ರಿಯಾಯಿತಿ ತನಗೂ ಇದೆಯೆಂದು ಊಹಿಸಿಕೊಳ್ಳಬಾರದು.

ನಿಮ್ಮ ರಾಜ್ಯದ ಪಠ್ಯ ಹಿಡಿದು ಕೂತಾಗ ನಾಲ್ಕು ಕಡೆ ಗೆರೆ ಎಳೆಯಿರಿ. ವ್ಯಾಖ್ಯೆಯಲ್ಲಿ ನೀವು ಬರುತ್ತೀರಾ? ಕೆಲವು ಕಡೆ ಶುಲ್ಕ ಪಡೆದರೆ, ಪೋಷಕರು ಆವರಣದಲ್ಲಿ ಇರದಿದ್ದರೆ ವ್ಯಾಖ್ಯೆ ಬದಲಾಗುತ್ತದೆ. ವಿನಾಯಿತಿ ಯಾರ ವಿರುದ್ಧ: ರಾಜ್ಯವೋ, ಕೌಂಟಿಯೋ, ಎರಡೂ ಸೇರಿಯೋ? ಯಾವ ನಿಯಮದಿಂದ: ಪರವಾನಗಿ, ವಲಯ, ಕಟ್ಟಡ, ಬೆಂಕಿ? ಕೊನೆಗೆ, ‘ಇದರಲ್ಲಿ ಏನೇ ಇದ್ದರೂ’ ಎಂದು ಶುರುವಾಗುವ ಉಪವಿಧಿ ಏನನ್ನು ವಾಪಸ್ ಕಿತ್ತುಕೊಂಡಿದೆ? ಇನ್ನೊಂದು ಮಾತು: ರಾಜ್ಯದ ಕಾನೂನು ನಗರದ ವಲಯ ನಿಯಮವನ್ನು ಮೀರಬಹುದು, ಆದರೆ ನಿಮ್ಮ ಬಡಾವಣೆಯ ಎಚ್‌ಒಎ (ಮನೆಮಾಲೀಕರ ಸಂಘ) ಕರಾರನ್ನು ಅದು ತಾನಾಗಿಯೇ ಅಳಿಸುವುದಿಲ್ಲ.

3. ಬಳಕೆಯ ವರ್ಗ ಪತ್ತೆಮಾಡಿ: ಇಡೀ ವಿಷಯದ ಕೀಲು ಇಲ್ಲಿದೆ

ಪ್ರತಿ ಕಟ್ಟಡಕ್ಕೂ ಒಂದು ‘ಆಕ್ಯುಪೆನ್ಸಿ’, ಅಂದರೆ ಬಳಕೆಯ ವರ್ಗ ಇರುತ್ತದೆ. ಅದನ್ನು ಆಕ್ಯುಪೆನ್ಸಿ ಸರ್ಟಿಫಿಕೇಟ್‌ನಲ್ಲಿ ಬರೆದಿರುತ್ತಾರೆ. ಕಟ್ಟಡದ ಮಾಲೀಕರಿಂದ ಅದರ ಪ್ರತಿ ಕೇಳಿ ಪಡೆಯಿರಿ. ಚರ್ಚ್ ಸಾಮಾನ್ಯವಾಗಿ ಎ-3 (ಸಭೆಯ ವರ್ಗ), ಕಚೇರಿ ಬಿ, ಅಂಗಡಿ ಎಂ, ಶಾಲೆ ಇ.

ಐಬಿಸಿಯ ಪ್ರಕಾರ 12ನೇ ತರಗತಿಯವರೆಗಿನ ಶಿಕ್ಷಣಕ್ಕೆ ಒಂದೇ ಹೊತ್ತಿಗೆ ಆರು ಅಥವಾ ಹೆಚ್ಚು ಜನ ಸೇರಿದರೆ ಅದು ಇ ವರ್ಗ. ಗಂಟೆಗಳ ಲೆಕ್ಕ ಅಲ್ಲಿಲ್ಲ. ಎನ್‌ಎಫ್‌ಪಿಎ 101ರಲ್ಲಿ ಗಂಟೆಯೂ ಇದೆ: ಆರು ಅಥವಾ ಹೆಚ್ಚು ಜನ, ದಿನಕ್ಕೆ 4 ಗಂಟೆ ಅಥವಾ ಹೆಚ್ಚು, ಇಲ್ಲವೇ ವಾರಕ್ಕೆ 12 ಗಂಟೆಗಿಂತ ಹೆಚ್ಚು. ಹಾಗಾಗಿ ವಾರಕ್ಕೊಮ್ಮೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ನಡೆಯುವ ಕೋ-ಆಪ್ ದಿನದ ಲೆಕ್ಕದಲ್ಲೇ ಶಿಕ್ಷಣ ವರ್ಗಕ್ಕೆ ಬಿದ್ದುಬಿಡುತ್ತದೆ. ಅದನ್ನೇ 9ರಿಂದ 12:30ಕ್ಕೆ ಇಳಿಸಿ ಎರಡು ದಿನ ಮಾಡಿದರೆ ದಿನಕ್ಕೆ ಮೂರೂವರೆ ಗಂಟೆ, ವಾರಕ್ಕೆ ಏಳು, ಎನ್‌ಎಫ್‌ಪಿಎ 101ರ ಲೆಕ್ಕದಲ್ಲಿ ಬೀಳುವುದಿಲ್ಲ. ಇದು ರಂಗೋಲಿ ಕೆಳಗೆ ತೂರಿದಂತಲ್ಲ, ಕೋಡ್ ತಾನೇ ಎಳೆದ ಗೆರೆ. ಆದರೆ ಶಿಕ್ಷಣ ವರ್ಗ ತಪ್ಪಿತೆಂದು ನಿಯಮವೇ ಇಲ್ಲವೆಂದಲ್ಲ: 50 ಅಥವಾ ಹೆಚ್ಚು ಜನ ಸೇರುವ ಜಾಗಕ್ಕೆ ಸಭೆಯ ವರ್ಗದ ನಿಯಮ ಇದ್ದೇ ಇರುತ್ತದೆ.

ಚರ್ಚಿನ ವಿಷಯದಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಪ್ರಾರ್ಥನಾ ಮಂದಿರಕ್ಕೆ ಹೊಂದಿಕೊಂಡ, ಕೋಣೆಗೆ 100ಕ್ಕಿಂತ ಕಡಿಮೆ ಜನರ ಧಾರ್ಮಿಕ ಶಿಕ್ಷಣದ ಕೋಣೆಗಳನ್ನು ಐಬಿಸಿ ಇ ವರ್ಗಕ್ಕೆ ಸೇರಿಸದೆ ಎ-3ರಲ್ಲೇ ಇಡುತ್ತದೆ. ‘ಭಾನುವಾರ ಇದೇ ಕೋಣೆಯಲ್ಲಿ ಮಕ್ಕಳು ಕೂರುತ್ತಾರಲ್ಲ, ಮಂಗಳವಾರ ನಿಮ್ಮವರು ಕೂತರೇನು?’ ಎಂದು ಚರ್ಚಿನವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಆ ರಿಯಾಯಿತಿ ಧಾರ್ಮಿಕ ಶಿಕ್ಷಣಕ್ಕೆ. ಮಂಗಳವಾರದ ಬೀಜಗಣಿತಕ್ಕೆ ಅದು ಸಲ್ಲುತ್ತದೋ ಇಲ್ಲವೋ ಎಂಬುದು ಸ್ಥಳೀಯ ಅಧಿಕಾರಿಯ ತೀರ್ಮಾನ.

ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದಲ್ಲಿ ನಡೆಸುವ ಕನ್ನಡ ತರಗತಿಗಳಿಗೂ ಇದೇ ಪ್ರಶ್ನೆ ಬರುತ್ತದೆ. ಭಾನುವಾರ ಒಂದೂವರೆ ಗಂಟೆಯ ಪಾಠ ಎನ್‌ಎಫ್‌ಪಿಎ 101ರ ಗಂಟೆಯ ಮಿತಿಯೊಳಗೇ ಇದೆ. ಐಬಿಸಿ ಜಾರಿಯಿರುವ ಕಡೆ ಇನ್ನೊಂದು ದಾರಿ: ಶಾಲೆ ಅಥವಾ ಶೈಕ್ಷಣಿಕ ಕಾರ್ಯಕ್ರಮವಲ್ಲದ ತರಬೇತಿಯನ್ನು, ಟ್ಯೂಷನ್ ಕೇಂದ್ರ, ಕರಾಟೆ ತರಗತಿ ಇಂಥವನ್ನು, ವಯಸ್ಸು ನೋಡದೆ ಬಿ ವರ್ಗದಲ್ಲಿ ಸೇರಿಸಿದ್ದಾರೆ. ಕನ್ನಡ ತರಗತಿ ಇದರ ಹತ್ತಿರದ ನೆಂಟ. ವಾರಕ್ಕೊಂದು ವಿಷಯ ಕಲಿಸುವ ಕೋ-ಆಪ್ ಕೂಡ ಈ ವಾದ ಮುಂದಿಡಬಹುದು; ಪೂರ್ಣ ಪಠ್ಯಕ್ರಮ ನಡೆಸುವ ಕೋ-ಆಪ್‌ಗೆ ಅದು ಒಗ್ಗುವುದಿಲ್ಲ.

ಬಳಕೆ ಒಂದು ವರ್ಗದಿಂದ ಇನ್ನೊಂದಕ್ಕೆ ಬದಲಾದರೆ ಹಳೆಯ ಕಟ್ಟಡಕ್ಕೂ ಹೊಸ ವರ್ಗದ ಬೇಡಿಕೆಗಳು ಬಂದು ಕೂರುತ್ತವೆ: ಅಲಾರಂ, ಬಾಗಿಲು, ಕೆಲವೊಮ್ಮೆ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ಚಾವಣಿಯಿಂದ ತಾನೇ ನೀರು ಚಿಮ್ಮಿಸುವ ವ್ಯವಸ್ಥೆ). ದುಡ್ಡು ಸುರಿಯುವುದು ಇಲ್ಲೇ. ಖಾಲಿ ಅಂಗಡಿಯನ್ನು ಅಗ್ಗದ ಬಾಡಿಗೆಗೆ ಹಿಡಿದ ಕೋ-ಆಪ್‌ಗಳು ಕೈಸುಟ್ಟುಕೊಳ್ಳುವುದು ಈ ಕಾರಣಕ್ಕೆ.

4. ತಲೆ ಲೆಕ್ಕ

ಕೋಣೆಯಲ್ಲಿ ಎಷ್ಟು ಜನ ಕೂರುತ್ತೀರಿ ಎಂಬುದಕ್ಕಿಂತ, ಕೋಡ್ ಆ ಕೋಣೆಗೆ ಎಷ್ಟು ಜನರನ್ನು ಲೆಕ್ಕ ಹಾಕುತ್ತದೆ ಎಂಬುದು ಮುಖ್ಯ. ತರಗತಿ ಕೋಣೆಗೆ ತಲೆಗೆ 20 ಚದರಡಿ, ಮೇಜು ಕುರ್ಚಿ ಹಾಕಿದ ಸಭಾಂಗಣಕ್ಕೆ 15, ಬರೀ ಕುರ್ಚಿ ಸಾಲಿಗೆ 7, ಕೈಕಸುಬು ಕಾರ್ಯಾಗಾರಕ್ಕೆ 50. ಇವೆಲ್ಲ ನಿವ್ವಳ ಅಳತೆ. ಕಪಾಟು, ಓಡಾಟದ ಪಡಸಾಲೆ, ಶೌಚಾಲಯ ಕಳೆದು ಉಳಿದದ್ದು.

30 ಅಡಿಗೆ 40 ಅಡಿಯ ಹಾಲ್ ತೆಗೆದುಕೊಳ್ಳಿ: 1,200 ಚದರಡಿ. ತರಗತಿಯಾಗಿ 60 ಜನ, ಮೇಜು ಹಾಕಿದರೆ 80, ನಾಟಕದ ದಿನ ಕುರ್ಚಿ ಸಾಲಿಟ್ಟರೆ 171. ಹಾಲ್ ಒಂದೇ, ಲೆಕ್ಕ ಮೂರು. ವರ್ಷವಿಡೀ 25 ಮಕ್ಕಳಿದ್ದ ಕೋ-ಆಪ್ ವಾರ್ಷಿಕೋತ್ಸವಕ್ಕೆ ಅಜ್ಜ ಅಜ್ಜಿಯರನ್ನೆಲ್ಲ ಕರೆದು ಕೂರಿಸಿದ ದಿನವೇ ನಿಯಮ ಮುರಿಯುವುದು. ತಾಯಂದಿರು, ಶಿಕ್ಷಕರು, ಮಡಿಲ ಮಗು ಎಲ್ಲರೂ ತಲೆಗಳೇ.

5. ಬಾಗಿಲು

ಸಾಮಾನ್ಯವಾಗಿ 49 ಜನರವರೆಗಿನ ಕೋಣೆಗೆ ಒಂದು ಬಾಗಿಲು ಸಾಕು, ಎರಡು ದಿಕ್ಕು ಆಯ್ದುಕೊಳ್ಳುವ ಜಾಗ ತಲುಪಲು 75 ಅಡಿಗಿಂತ ಹೆಚ್ಚು ನಡೆಯಬೇಕಾಗದಿದ್ದರೆ. 50 ಮುಟ್ಟಿದೊಡನೆ ಮೂರು ಸಂಗತಿ ಒಟ್ಟಿಗೆ ಬರುತ್ತವೆ: ಎರಡು ಬಾಗಿಲು, ಅವು ಹೊರಗೆ ತೆರೆಯಬೇಕು, ಮತ್ತು ಚಿಲಕವಿದ್ದರೆ ತಳ್ಳಿದೊಡನೆ ತೆರೆಯುವ ಪ್ಯಾನಿಕ್ ಬಾರ್ ಇರಬೇಕು.

ಎರಡು ಬಾಗಿಲು ಅಕ್ಕಪಕ್ಕ ಇದ್ದರೆ ಲೆಕ್ಕಕ್ಕಿಲ್ಲ. ಕೋಣೆಯ ಕರ್ಣದ ಅರ್ಧದಷ್ಟಾದರೂ ದೂರವಿರಬೇಕು. ಸ್ಪ್ರಿಂಕ್ಲರ್ ಇದ್ದರೆ ಮೂರನೇ ಒಂದು ಭಾಗ. ಮೇಲಿನ ಹಾಲ್‌ನ ಕರ್ಣ 50 ಅಡಿ, ಆದ್ದರಿಂದ ಬಾಗಿಲುಗಳ ನಡುವೆ 25 ಅಡಿ. ಅಗಲಕ್ಕೆ ತಲೆಗೆ 0.2 ಇಂಚು, 32 ಇಂಚಿನ ತೆರಪು 160 ಜನರಿಗೆ ಆಗುತ್ತದೆ. ಅಂದರೆ ಕೋ-ಆಪ್‌ಗಳಿಗೆ ಅಗಲದ ತೊಂದರೆ ಬರುವುದು ಅಪರೂಪ. ತಕರಾರು ಬರುವುದು ಬಾಗಿಲಿನ ಸಂಖ್ಯೆ, ಅಂತರ ಮತ್ತು ಬೀಗದಲ್ಲಿ.

ಒಳಗಿನಿಂದ ಕೀಲಿಯಿಲ್ಲದೆ, ವಿಶೇಷ ಜಾಣ್ಮೆಯಿಲ್ಲದೆ, ಒಂದೇ ಚಲನೆಯಲ್ಲಿ ಬಾಗಿಲು ತೆರೆಯಬೇಕು. ಅಪರಿಚಿತರು ನುಗ್ಗಬಾರದೆಂದು ಸರಪಳಿ ಹಾಕುವುದು, ಮೇಲ್ಗಡೆ ಇನ್ನೊಂದು ಅಗುಳಿ ಕೂರಿಸುವುದು ಬಹಳ ಕಡೆ ಕಾಣುವ ತಪ್ಪು. ಹೊರಗಿನಿಂದ ಬೀಗ, ಒಳಗಿನಿಂದ ಸಲೀಸು: ಹಾಗಿರುವ ಹಿಡಿಕೆ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಹೊಗೆ ತಡೆಯಲೆಂದಿರುವ ಬಾಗಿಲಿಗೆ ಗಾಳಿ ಬರಲೆಂದು ಮರದ ಬೆಣೆ ಸಿಕ್ಕಿಸುವುದೂ ಅಷ್ಟೇ ಕೆಟ್ಟದು. ತೆರೆದೇ ಇಡಬೇಕೆಂದರೆ ಅಲಾರಂ ಹೊಡೆದಾಗ ತಾನೇ ಬಿಡುವ ಆಯಸ್ಕಾಂತದ ಹಿಡಿಕೆ ಬೇಕು.

6. ಚಿಕ್ಕ ಮಕ್ಕಳು ನೆಲಮಟ್ಟದಲ್ಲಿ

ಎನ್‌ಎಫ್‌ಪಿಎ 101ರ ಶಿಕ್ಷಣ ವರ್ಗದಲ್ಲಿ ಒಂದನೇ ತರಗತಿಯವರೆಗಿನ ಮಕ್ಕಳ ಕೋಣೆ ನೇರ ಹೊರಗೆ ಹೋಗುವ ಮಟ್ಟದಲ್ಲೇ ಇರಬೇಕೆಂಬುದು ಮೂಲ ನಿಯಮ. ಎರಡನೇ ತರಗತಿಯವರು ಅದಕ್ಕಿಂತ ಒಂದು ಮಹಡಿ ಮೇಲಿರಬಹುದು. ಚರ್ಚುಗಳು ಮಕ್ಕಳ ಕೋಣೆಗಳನ್ನು ನೆಲಮಾಳಿಗೆಯಲ್ಲಿ ಇಟ್ಟಿರುವುದು ಹೆಚ್ಚು. ನಿಮ್ಮ ವರ್ಗ ಯಾವುದೇ ಇರಲಿ, ಇದೊಂದನ್ನು ಪಾಲಿಸಿ. ಐದು ವರ್ಷದ ಮಗು ಹೊಗೆಯಲ್ಲಿ ಮೆಟ್ಟಿಲು ಹತ್ತುವುದಿಲ್ಲ, ಮೇಜಿನ ಕೆಳಗೆ ಅವಿತುಕೊಳ್ಳುತ್ತದೆ. ಹದಿಹರೆಯದವರನ್ನು ಕೆಳಗೆ ಕಳಿಸಿ, ಚಿಕ್ಕವರನ್ನು ಮೇಲೆ ತನ್ನಿ. ಖರ್ಚಿಲ್ಲದ ಬದಲಾವಣೆ.

1958ರ ಡಿಸೆಂಬರ್ 1ರಂದು ಷಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆಗೆ ಬೆಂಕಿ ಬಿದ್ದು 92 ಮಕ್ಕಳೂ ಮೂವರು ಸನ್ಯಾಸಿನಿಯರೂ ಸತ್ತರು. ಅದು ಪರಿಶೀಲನೆಯಲ್ಲಿ ಪಾಸಾಗಿದ್ದ ಕಟ್ಟಡ. ಹಳೆಯ ಕಟ್ಟಡವೆಂದು ಹೊಸ ನಿಯಮದಿಂದ ವಿನಾಯಿತಿ ಪಡೆದಿತ್ತು. ಮೆಟ್ಟಿಲು ಬಾಯಿ ತೆರೆದಿತ್ತು, ಅಲಾರಂ ತಡವಾಯಿತು, ಕಿಟಕಿಯ ಹೊಸ್ತಿಲು ನೆಲದಿಂದ 37 ಇಂಚು ಎತ್ತರವಿದ್ದು ಪುಟ್ಟ ಮಕ್ಕಳಿಗೆ ಹತ್ತಲಾಗಲಿಲ್ಲ. ಇಂದಿನ ಶಾಲಾ ನಿಯಮಗಳಲ್ಲಿ ಅನೇಕವು ಆ ಬೆಂಕಿಯ ನಂತರ ಬಿಗಿಯಾದವು. ವಿನಾಯಿತಿಯ ಕಾಗದ ಕೈಗೆ ಬಂದಾಗ ಇದನ್ನು ನೆನಪಿಟ್ಟುಕೊಂಡೇ ಕೋಣೆ ನೋಡಿ.

7. ಅಲಾರಂ, ನಂದಕ, ದೀಪ

ಐಬಿಸಿಯ ಇತ್ತೀಚಿನ ಆವೃತ್ತಿಗಳಲ್ಲಿ ಇ ವರ್ಗದಲ್ಲಿ 50ಕ್ಕಿಂತ ಹೆಚ್ಚು ಜನರಿದ್ದರೆ ಫೈರ್ ಅಲಾರಂ ವ್ಯವಸ್ಥೆ ಬೇಕು. ಸ್ಪ್ರಿಂಕ್ಲರ್ ಪ್ರಶ್ನೆ ಏಳುವುದು ಸಾಮಾನ್ಯವಾಗಿ 12,000 ಚದರಡಿ ದಾಟಿದಾಗ ಅಥವಾ ಹೊರಹೋಗುವ ಮಟ್ಟ ಬಿಟ್ಟು ಬೇರೆ ಮಹಡಿ ಬಳಸಿದಾಗ. ಅದಕ್ಕೇ ಒಂದೇ ಅಂತಸ್ತಿನ ಕಟ್ಟಡ ಹುಡುಕಿ ಎನ್ನುವುದು. ಗ್ಯಾಸಿನ ಹೀಟರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಪತ್ತೆ ಸಾಧನವನ್ನೂ ಕೇಳುತ್ತಾರೆ.

ಬೆಂಕಿ ನಂದಕ 2-ಎ:10-ಬಿ:ಸಿ ಗುರುತಿನದಿರಲಿ (ಕಾಗದ, ಎಣ್ಣೆ, ವಿದ್ಯುತ್ ಬೆಂಕಿಗಳಿಗೆಲ್ಲ ಆಗುವಂಥದ್ದು). ಎಲ್ಲಿಂದ ನಡೆದರೂ 75 ಅಡಿಯೊಳಗೆ ಸಿಗಬೇಕು, ಹಿಡಿಕೆ ನೆಲದಿಂದ 5 ಅಡಿಗಿಂತ ಮೇಲಿರಬಾರದು. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯೇ ನೋಡಿ ಚೀಟಿಗೆ ಸಹಿ ಮಾಡಿ. ವರ್ಷಕ್ಕೊಮ್ಮೆ ಪರವಾನಗಿ ಇದ್ದವರಿಂದ ಸರ್ವೀಸ್. ತುರ್ತು ದೀಪದ ಗುಂಡಿಯನ್ನು ತಿಂಗಳಿಗೊಮ್ಮೆ 30 ಸೆಕೆಂಡ್ ಒತ್ತಿ, ವರ್ಷಕ್ಕೊಮ್ಮೆ ಪೂರ್ತಿ 90 ನಿಮಿಷ ಉರಿಸಿ ನೋಡಬೇಕು. ಬ್ಯಾಟರಿ ಸತ್ತಿರುವುದು ಈ ಎರಡನೇ ಪರೀಕ್ಷೆಯಲ್ಲೇ ಗೊತ್ತಾಗುವುದು.

ಗೋಡೆಯ ಮೇಲಿನ ಚಿತ್ರಗಳನ್ನೂ ಅಳೆಯುತ್ತಾರೆ ಎಂದರೆ ನಗಬೇಡಿ. ಸ್ಪ್ರಿಂಕ್ಲರ್ ಇಲ್ಲದ ಪಡಸಾಲೆಯಲ್ಲಿ ಕಾಗದದ ಕಲಾಕೃತಿ ಗೋಡೆಯ ಶೇ. 20 ಮೀರಬಾರದು, ಬಾಗಿಲ ಮೇಲಂತೂ ಬೇಡ. ಎಕ್ಸ್‌ಟೆನ್ಷನ್ ವೈರ್ ಕಾಯಂ ವೈರಿಂಗ್ ಅಲ್ಲ. ಸ್ಪೇಸ್ ಹೀಟರ್ ಸುತ್ತ 3 ಅಡಿ ಖಾಲಿ ಬಿಡಿ. ವಿಜ್ಞಾನದ ತರಗತಿಗೆ ಮೆಥನಾಲ್ ತರಲೇಬೇಡಿ: ಬಣ್ಣದ ಜ್ವಾಲೆ ತೋರಿಸುವ ಪ್ರಯೋಗದಲ್ಲಿ ಬಾಟಲಿಯಿಂದ ಸುರಿಯುವಾಗ ಜ್ವಾಲೆ ಚಿಮ್ಮಿ ಮಕ್ಕಳು ಸುಟ್ಟುಕೊಂಡ ಘಟನೆಗಳ ನಂತರ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2014ರಲ್ಲಿ ಎಚ್ಚರಿಕೆ ಹೊರಡಿಸಿತು.

8. ಮನೆಯಲ್ಲೇ ನಡೆಸುವುದಾದರೆ

ಬೇಸ್‌ಮೆಂಟ್‌ನಲ್ಲಿ ಮಕ್ಕಳನ್ನು ಕೂರಿಸುವ ಮೊದಲು ತಪ್ಪಿಸಿಕೊಳ್ಳುವ ಕಿಟಕಿ ಅಳೆಯಿರಿ. ಪೂರ್ತಿ ತೆರೆದಾಗ ನಿವ್ವಳ 5.7 ಚದರಡಿ (ನೆಲಮಟ್ಟದಲ್ಲಿದ್ದರೆ 5), ಎತ್ತರ ಕನಿಷ್ಠ 24 ಇಂಚು, ಅಗಲ 20 ಇಂಚು, ಹೊಸ್ತಿಲು 44 ಇಂಚಿಗಿಂತ ಮೇಲಿರಬಾರದು. ಎತ್ತರ ಅಗಲಗಳ ಕನಿಷ್ಠ ಎರಡನ್ನೂ ಗುಣಿಸಿದರೆ ಬರೀ 3.3 ಚದರಡಿ ಬರುತ್ತದೆ. ಎರಡೂ ಸರಿಯಿದ್ದೂ ಕಿಟಕಿ ಫೇಲಾಗುವುದು ಹೀಗೆ. 44 ಇಂಚು ಎಂಬುದು ದೊಡ್ಡವರ ಅಳತೆ. ಕಿಟಕಿ ಕೆಳಗೆ ಅಲುಗಾಡದ ಗಟ್ಟಿ ಮೆಟ್ಟಿಲೊಂದನ್ನು ಕಾಯಂ ಆಗಿ ಇಡಿ. ಹೊಗೆ ಅಲಾರಂ ಪ್ರತಿ ಮಹಡಿಯಲ್ಲೂ ಇರಲಿ. ಹಿಂಬದಿಯ ತಾರೀಖಿಗೆ 10 ವರ್ಷ ಕಳೆದಿದ್ದರೆ ಬದಲಿಸಿ.

9. ಫೈರ್ ಮಾರ್ಷಲ್ ಜೊತೆ ಮಾತು

ಅವರು ಬರುವ ಮುನ್ನ ನೀವೇ ಹೋಗಿ. ಒಂದು ಹಾಳೆಯಲ್ಲಿ ನೆಲನಕ್ಷೆ ಬರೆಯಿರಿ: ಕೋಣೆಗಳ ಅಳತೆ, ಬಾಗಿಲು ತೆರೆಯುವ ದಿಕ್ಕು, ನಂದಕ, ಕಿಟಕಿ. ಇನ್ನೊಂದು ಹಾಳೆಯಲ್ಲಿ ನಾಲ್ಕೇ ಸಾಲು: ಎಷ್ಟು ಮಕ್ಕಳು ಯಾವ ವಯಸ್ಸಿನವರು, ಎಷ್ಟು ಹಿರಿಯರು, ಯಾವ ದಿನ ಎಷ್ಟು ಗಂಟೆ, ಪೋಷಕರು ಅಲ್ಲೇ ಇರುತ್ತಾರೆಯೇ. ನಿಮ್ಮ ಮೇಲೆ ಅನ್ವಯಿಸುವ ರಾಜ್ಯ ಕಾನೂನಿನ ವಿಧಿಯ ಪ್ರತಿಯನ್ನು ಲಗತ್ತಿಸಿ. ಹೊಸ ಕಾನೂನು ಎಲ್ಲ ಸಣ್ಣ ಕಚೇರಿಗಳಿಗೂ ತಲುಪಿರುವುದಿಲ್ಲ.

‘ನಾವು ಶಾಲೆಯೇ?’ ಎಂದು ಕೇಳಬೇಡಿ. ‘ಈ ಬಳಕೆಯನ್ನು ನೀವು ಯಾವ ವರ್ಗದಲ್ಲಿ ಇಡುತ್ತೀರಿ, ಯಾವ ವಿಧಿಯಡಿ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬರುತ್ತದೆ, ಎರಡನೆಯದಕ್ಕೆ ಬರೆದ ಉತ್ತರ. ಅದನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ, ಅಧಿಕಾರಿ ಬದಲಾದಾಗ ಬೇಕಾಗುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ ಕೋಡ್‌ನಲ್ಲೇ ಮೇಲ್ಮನವಿ ಮಂಡಳಿಯ ದಾರಿಯಿದೆ.

ಬಾಡಿಗೆ ಕರಾರಿನಲ್ಲಿ ಒಂದು ಷರತ್ತು ಸೇರಿಸಿ: ಈ ಬಳಕೆಗೆ ಅಧಿಕಾರಿಯ ಒಪ್ಪಿಗೆ ಸಿಗದಿದ್ದರೆ ಮುಂಗಡ ವಾಪಸ್. ಅಲಾರಂ, ಸ್ಪ್ರಿಂಕ್ಲರ್‌ನ ವಾರ್ಷಿಕ ಪರೀಕ್ಷೆ ಯಾರ ಹೊಣೆ ಎಂಬುದನ್ನೂ ಬರೆಸಿ. ಚರ್ಚಿನವರು ಸಾಮಾನ್ಯವಾಗಿ ನಿಮ್ಮಿಂದ ಹೊಣೆಗಾರಿಕೆ ವಿಮೆಯ ಪತ್ರ ಕೇಳುತ್ತಾರೆ. ವಿಮೆಯವರಿಗೆ ಹೇಳಿದ ಬಳಕೆಯೂ ಮಾರ್ಷಲ್‌ಗೆ ಹೇಳಿದ ಬಳಕೆಯೂ ಒಂದೇ ಆಗಿರಲಿ. ಇಲ್ಲದಿದ್ದರೆ ಪರಿಹಾರ ಕೇಳುವ ದಿನ ವಿಮೆ ಕೈಕೊಡುತ್ತದೆ.

10. ಡ್ರಿಲ್

ಇ ವರ್ಗಕ್ಕೆ ತಿಂಗಳಿಗೊಂದು ಡ್ರಿಲ್, ಅಂದರೆ ಬೆಂಕಿ ಬಿದ್ದಂತೆ ಎಲ್ಲರೂ ಹೊರಬರುವ ಅಭ್ಯಾಸ. ಮೊದಲನೆಯದು ತರಗತಿ ಶುರುವಾದ 10 ದಿನದೊಳಗೆ. ವಾರಕ್ಕೊಮ್ಮೆ ಸೇರುವವರು ಮೊದಲ ಭೇಟಿಯಲ್ಲೇ ಮಾಡಿಬಿಡುವುದು ಲೇಸು. ನಿಯಮ ನಿಮಗೆ ಅನ್ವಯಿಸದಿದ್ದರೂ ಮಾಡಿ, ಏಕೆಂದರೆ ಕೋ-ಆಪ್‌ಗೆ ಶಾಲೆಗಿಲ್ಲದ ತೊಡಕೊಂದಿದೆ: ತಾಯಿ ಒಂದು ಕೋಣೆಯಲ್ಲಿ ಪಾಠ ಮಾಡುತ್ತಿರುತ್ತಾರೆ, ಅವರ ಮಗು ಇನ್ನೊಂದರಲ್ಲಿ. ಅಲಾರಂ ಹೊಡೆದಾಗ ಪ್ರತಿ ತಾಯಿಯೂ ತನ್ನ ಮಗುವಿನ ಕೋಣೆಯತ್ತ, ಅಂದರೆ ಹೊರಬರುವವರಿಗೆ ಎದುರಾಗಿ ಓಡುತ್ತಾಳೆ. ಪಡಸಾಲೆ ಕಟ್ಟಿಕೊಳ್ಳುತ್ತದೆ. ‘ನಿನ್ನ ಎದುರಿಗಿರುವ ಮಕ್ಕಳನ್ನು ನೀನು ಹೊರಗೆ ತಾ, ನಿನ್ನ ಮಗುವನ್ನು ಇನ್ನೊಬ್ಬರು ತರುತ್ತಾರೆ’ ಎಂಬುದು ಮಾತಿನಲ್ಲಿ ಎಲ್ಲರಿಗೂ ಒಪ್ಪಿಗೆ. ಕಾಲಿಗೆ ಅಭ್ಯಾಸವಾಗಲು ಮೂರು ನಾಲ್ಕು ಡ್ರಿಲ್ ಬೇಕು.

ಆ ದಿನದ ಹಾಜರಿ ಹಾಳೆ ಕೋಣೆಗೊಂದರಂತೆ ಬಾಗಿಲ ಪಕ್ಕದ ಮೊಳೆಗೆ ತೂಗಿರಲಿ, ಫೋನಿನಲ್ಲಲ್ಲ. ಸೇರುವ ಜಾಗ ಅಗ್ನಿಶಾಮಕ ವಾಹನ ನಿಲ್ಲುವ ದಾರಿಯಲ್ಲಿ ಇರಬಾರದು. ಮೂರನೇ ಡ್ರಿಲ್‌ನಲ್ಲಿ ಹೇಳದೆಕೇಳದೆ ಒಂದು ಬಾಗಿಲ ಮುಂದೆ ‘ಇಲ್ಲಿ ಬೆಂಕಿ’ ಎಂದು ಬರೆದ ರಟ್ಟು ಹಿಡಿದು ಒಬ್ಬರು ನಿಲ್ಲಲಿ. ಎರಡನೇ ಬಾಗಿಲು ಎಲ್ಲಿದೆಯೆಂದು ಎಷ್ಟು ಜನರಿಗೆ ಗೊತ್ತಿದೆ, ಅದು ನಿಜಕ್ಕೂ ತೆರೆಯುತ್ತದೆಯೇ, ಅದರ ಮುಂದೆ ಮಡಚಿಟ್ಟ ಮೇಜುಗಳ ರಾಶಿ ಇದೆಯೇ, ಎಲ್ಲ ಎರಡು ನಿಮಿಷದಲ್ಲಿ ತಿಳಿಯುತ್ತದೆ. ತಾರೀಖು, ಹೊರಬರಲು ಹಿಡಿದ ಸಮಯ, ಸಿಕ್ಕಿಕೊಂಡ ಜಾಗ, ಈ ಮೂರನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮಾರ್ಷಲ್ ಬಂದ ದಿನ ಮೊದಲು ಕೇಳುವುದು ಅದನ್ನೇ.